ತೋಟದ ಮನೆಗೆ ಸಿಲ್ವರ್ ಓಕ್ ಪುಸ್ತಕದ ಕಪಾಟು

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಸಿಲ್ವರ್ ಓಕ್ ಪುಸ್ತಕದ ಕಪಾಟಿಗೆ ಒಳ್ಳೆಯ ಮರ. ಹಗುರ, ಗರಗಸಕ್ಕೆ ಸುಲಭ, ಬಣ್ಣವೇ ಬೇಡದಷ್ಟು ಚೆಂದದ ಜಾಲರಿ ಗೆರೆಗಳು. ಕೆಡುವುದು ಹಸಿಯಿಂದ ಮತ್ತು ಹುಳದಿಂದ.

ಒಂದಿಂಚು ದಪ್ಪ, 10 ಇಂಚು ಅಗಲ, 8 ಅಡಿ ಉದ್ದದ 3 ಹಲಗೆ ಸಾಕು. ತೊಗಟೆ ಪೂರ್ತಿ ಸುಲಿಯಿರಿ. ಹುಳ ಅಡಗುವುದು ಅದರಡಿಯಲ್ಲೇ. 5 ಲೀಟರ್ ಬಿಸಿನೀರಿಗೆ 300 ಗ್ರಾಂ ಬಿಳಿಗಾರ, 200 ಗ್ರಾಂ ಬೋರಿಕ್ ಪುಡಿ ಕರಗಿಸಿ, ಕೊಯ್ದ ಹಸಿ ಹಲಗೆಗೇ ಎಲ್ಲ ಕಡೆ ಬಳಿದು ಎರಡು ವಾರ ಪ್ಲಾಸ್ಟಿಕ್ ಹೊದಿಸಿಡಿ. ಮರದೊಳಗಿನ ನೀರೇ ಮದ್ದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಣಮರಕ್ಕೆ ಬಳಿದರೆ ಮೇಲೆಯೇ ನಿಲ್ಲುತ್ತದೆ. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ.

ಆಮೇಲೆ ಹಲಗೆಗಳ ನಡುವೆ ರೀಪರ್ ಪಟ್ಟಿ (ಮರದ ಸಣ್ಣ ಪಟ್ಟಿ) ಕೊಟ್ಟು, ಮಾಡಿನ ಕೆಳಗೆ ಗಾಳಿಗೆ ಪೇರಿಸಿ. ವಾರಕ್ಕೊಮ್ಮೆ ಒಂದು ಹಲಗೆ ತೂಗಿ ನೋಡಿ. ತೂಕ ಇಳಿಯುವುದು ನಿಂತ ಮೇಲೆಯೇ ಮರ ಹೆರೆಯುವ ಹತ್ತರಿ ಹಿಡಿಯಬೇಕು. ಅವಸರಪಟ್ಟರೆ ಹಲಗೆ ಬಟ್ಟಲಿನಂತೆ ಬಾಗಿ, ಜೋಡಣೆ ಬಿಡುತ್ತದೆ.

ಎರಡು ಹಲಗೆಗಳಿಂದ 60 ಇಂಚಿನ ಒಂದೊಂದು ಪಕ್ಕ, 30 ಇಂಚಿನ ಒಂದೊಂದು ತಟ್ಟು (ಪುಸ್ತಕ ಇಡುವ ಅಡ್ಡ ಹಲಗೆ). ಮೂರನೆಯದರಿಂದ 30 ಇಂಚಿನ ಮೂರು ತಟ್ಟು. 30 ಇಂಚು ದಾಟಬೇಡಿ. ತಟ್ಟು ತುಂಬ ಪುಸ್ತಕ ಇಟ್ಟರೆ 20 ಕಿಲೋಗೂ ಮೀರುತ್ತದೆ, ಉದ್ದ ಹಲಗೆ ಮೆಲ್ಲಗೆ ಜೋತುಬೀಳುತ್ತದೆ.

ಎರಡೂ ಪಕ್ಕಗಳನ್ನು ಜೊತೆಯಾಗಿಟ್ಟು ಮೂಲೆಮಟ್ಟದಿಂದ ಒಟ್ಟಿಗೆ ಗೆರೆ ಎಳೆಯಿರಿ. ಬೇರೆಬೇರೆ ಅಳೆದರೆ ತಟ್ಟು ಓರೆಯಾಗುತ್ತದೆ. ಮೊದಲ ತಟ್ಟು ನೆಲದಿಂದ 4 ಇಂಚು ಮೇಲೆ, ಅಲ್ಲಿಂದ ಅಂತರ ಸುಮಾರು 13, 13, 12, 11. ಉಳಿಯಿಂದ ಕಾಲಿಂಚು ಆಳದ ತೋಡು ತೆಗೆಯಿರಿ. ಅಗಲವನ್ನು ಟೇಪಿನಿಂದಲ್ಲ, ತಟ್ಟನ್ನೇ ನಿಲ್ಲಿಸಿ ಗುರುತಿಸಿ. ಹೊಸದಾಗಿ ಕತ್ತರಿಸಿದ ತುದಿಗಳಿಗೆ ಮದ್ದು ಬಳಿದು ಒಣಗಿಸಿ, ಅಂಟು ಹಚ್ಚಿ, ಹೊರಗಿನಿಂದ ತುದಿಗೆರಡರಂತೆ 2 ಇಂಚಿನ ಸ್ಕ್ರೂ ಕೊಡಿ. ಮೊದಲು ಡ್ರಿಲ್ ಮಾಡದಿದ್ದರೆ ಹಲಗೆ ಸೀಳುತ್ತದೆ.

ಕರ್ಣಗಳೆರಡನ್ನೂ ಅಳೆದು, ಸಮವಾದಾಗ ಹಿಂದೆ ಮೇಲೊಂದು ಕೆಳಗೊಂದು ರೀಪರ್ ಪಟ್ಟಿ, ನಡುವೆ ಓರೆಯಾಗಿ ಇನ್ನೊಂದು ಬಿಗಿಯಿರಿ. ಈ ಓರೆ ಪಟ್ಟಿ ಬಿಟ್ಟವರ ಕಪಾಟೇ ಓಲಾಡುವುದು.

ಉಪ್ಪುಕಾಗದ ತಿಕ್ಕುವಾಗ ಮುಖಕ್ಕೆ ಬಟ್ಟೆ ಕಟ್ಟಿ. ಈ ಮರದ ಪುಡಿ ಕೆಲವರಿಗೆ ತುರಿಕೆ ತರುತ್ತದೆ. ಬರಿ ಅಗಸೆ ಎಣ್ಣೆ ಬಳಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ವಾರ್ನಿಷೇ ಒಳ್ಳೆಯದು. ಗೋಡೆಯಿಂದ 2 ಇಂಚು ಬಿಟ್ಟು, ಕಾಲಡಿ ಚಪ್ಪಟೆ ಕಲ್ಲಿಟ್ಟು ನಿಲ್ಲಿಸಿ, ಮೇಲ್ತುದಿಯನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿಯಿರಿ.