ಕೊಲೆ ಅಪೀಲಿನಲ್ಲಿ ಮಂಡಿ ಚೀಟಿ: ನನ್ನ ಅನುಭವ

ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾದರೆ ಹೈಕೋರ್ಟಿಗೆ ಅಪೀಲು ಹಾಕಲು 60 ದಿನ ಗಡುವು. ಶ್ರೀನಿವಾಸಪುರ ಕಡೆಯ ಆ ಟೊಮೆಟೊ ರೈತನ ಕಡತ ನನ್ನ ಕೈಗೆ ಬಂದಾಗ ಅರ್ಧ ಗಡುವು ಮುಗಿದಿತ್ತು. ಮನೆಯವರು ಬಂದವರೇ ಕೋಲಾರ ಎಪಿಎಂಸಿಯ ಮಂಡಿ ಚೀಟಿ ಮುಂದಿಟ್ಟರು. "ಸಾರ್, ಆ ರಾತ್ರಿ ನಮ್ಮೋರು ಮಾರ್ಕೆಟ್ಟಲ್ಲಿದ್ರು. ಚೀಟಿ ಐತಲ್ಲ, ಇನ್ನೇನು ಬೇಕು?" ಎಂದರು ಆತನ ಹೆಂಡತಿ.

ಕೊಲೆ ನಡೆದದ್ದು ರಾತ್ರಿ ಎಂಟರ ಸುಮಾರಿಗೆ. ಚೀಟಿಯಲ್ಲಿ ರೈತನ ಹೆಸರು, ಎಷ್ಟು ಬಾಕ್ಸು, ಯಾವ ರೇಟು ಎಲ್ಲಾ ಇತ್ತು. ತಾರೀಕು ಮಾತ್ರ ಮಾರನೇ ದಿನದ್ದು, ಹರಾಜಾಗುವುದು ಬೆಳಿಗ್ಗೆ ತಾನೇ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಸುಮಾರು 25 ಕಿಲೋಮೀಟರ್. ಎಂಟಕ್ಕೆ ಊರಲ್ಲಿದ್ದವನು ಬೆಳಿಗ್ಗೆ ಮಂಡಿಯಲ್ಲಿರಲು ಏನು ಕಷ್ಟ?

'ಬೇರೆ ಕಡೆ ಇದ್ದೆ' ಎಂದರೆ ಅಲಿಬಿ ಆಗುವುದಿಲ್ಲ. ಆ ಹೊತ್ತಿಗೆ ಸ್ಥಳದಲ್ಲಿರಲು ಸಾಧ್ಯವೇ ಇರಲಿಲ್ಲ ಎಂದು ತೋರಿಸಬೇಕು. ಇದಕ್ಕೆ ಆಧಾರ ಹಳೆಯ ಸಾಕ್ಷ್ಯ ಕಾಯ್ದೆಯ 11ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 9ನೇ ಕಲಂ. 1981ರ ದೂಧ್ ನಾಥ್ ಪಾಂಡೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತನ್ನೂ ಹೇಳಿದೆ. ಆರೋಪಿ ಕಡೆಯ ಸಾಕ್ಷಿಗಳನ್ನೂ ಸರ್ಕಾರದ ಕಡೆಯ, ಅಂದರೆ ಪ್ರಾಸಿಕ್ಯೂಷನ್ ಸಾಕ್ಷಿಗಳ ಸಮನಾಗಿ ನೋಡಬೇಕು. ನಮ್ಮ ಟೆಂಪೋ ಡ್ರೈವರ್, ಸಂಜೆಯೇ ಲೋಡಿನ ಜೊತೆ ಆತನನ್ನು ಕೋಲಾರಕ್ಕೆ ಬಿಟ್ಟೆ ಎಂದಿದ್ದ. ಪರಿಚಯದವನು ಎಂದು ಕೆಳಗಿನ ಕೋರ್ಟು ಅದನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಿತ್ತು. ಕೊಲೆಯನ್ನು ಕಣ್ಣಾರೆ ಕಂಡೆ ಎಂದ ಮೃತನ ತಮ್ಮನ ಮಾತಿಗೆ ಸಂಬಂಧ ಅಡ್ಡ ಬರಲಿಲ್ಲ ಎಂದಮೇಲೆ ಡ್ರೈವರ್ ಮಾತಿಗೆ ಪರಿಚಯ ಅಡ್ಡ ಬರಬಾರದು, ಅಲ್ವಾ?

ಆದರೂ ವಾದವನ್ನು ನಾನು ಅಲಿಬಿಯಿಂದ ಶುರು ಮಾಡಲಿಲ್ಲ. ಮಾಡಿದ್ದರೆ ಪೀಠ ಮೊದಲು ಚೀಟಿಯ ತಾರೀಕನ್ನೇ ಕೇಳುತ್ತಿತ್ತು. ಕೊಲೆ ಸಾಬೀತು ಮಾಡುವ ಹೊರೆ ಪ್ರಾಸಿಕ್ಯೂಷನ್‌ದು, ಅದನ್ನು ಅವರು ಇಳಿಸಿದ ಮೇಲೇ ಅಲಿಬಿಯ ಮಾತು. 1996ರ ಬಿನಯ್ ಕುಮಾರ್ ಸಿಂಗ್ ತೀರ್ಪು ಇದನ್ನು ಬಿಡಿಸಿ ಹೇಳುತ್ತದೆ. ನಮ್ಮ ಕೇಸಿನಲ್ಲಿ ಕೆಳಗಿನ ಕೋರ್ಟಿನ ಲೆಕ್ಕ ತಲೆಕೆಳಗಾಗಿತ್ತು. ಅಲಿಬಿ ಸಾಬೀತಾಗಿಲ್ಲ, ಹಾಗಾಗಿ ಸ್ಥಳದಲ್ಲಿದ್ದ, ಹಾಗಾಗಿ ಕೊಂದ! ಇವತ್ತಿಗೂ ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಒಬ್ಬನ ಇಡೀ ಬದುಕು ಆ ಮೂರು ತುಂಡು ಮಾತಿನ ಮೇಲೆ ನಿಂತಿತ್ತು.

ಹಾಗಾಗಿ ಕಣ್ಣಾರೆ ಕಂಡೆವು ಎಂದವರ ಕಡೆ ತಿರುಗಿದೆ. ಕಡತದಲ್ಲಿ ನಾನು ಮೊದಲು ನೋಡುವುದು ಎಫ್‌ಐಆರ್ ಪ್ರತಿಯ ಮೂಲೆ. ಅದು ಕೈಸೇರಿದ ಸಮಯವನ್ನು ಮ್ಯಾಜಿಸ್ಟ್ರೇಟ್ ಅಲ್ಲಿ ಬರೆದು ಸಹಿ ಹಾಕಿರುತ್ತಾರೆ. ದೂರು ರಾತ್ರಿಯೇ ದಾಖಲಾಯಿತು ಎಂದು ಪೊಲೀಸರ ಮಾತು, ಮೂಲೆಯಲ್ಲಿದ್ದದ್ದು ಮಾರನೇ ಸಂಜೆಯ ಸಮಯ. ತಡವಾದ ಮಾತ್ರಕ್ಕೆ ಕೇಸು ಬೀಳುವುದಿಲ್ಲ, ಆದರೆ ಯಾಕೆ ತಡ ಎಂದು ಯಾರೂ ಹೇಳಿರಲಿಲ್ಲ. 'ಕಿರುಚಾಟ ಕೇಳಿ ಓಡಿ ಬಂದೆ, ಅಷ್ಟರಲ್ಲಿ ಅಣ್ಣ ಬಿದ್ದಿದ್ದ' ಎಂದು ಮೃತನ ತಮ್ಮ ದೂರಿನಲ್ಲಿ ಬರೆಸಿದ್ದ. ಕೋರ್ಟಿನಲ್ಲಿ, ಮಚ್ಚಿನಿಂದ ಹೊಡೆಯುವುದನ್ನೇ ನೋಡಿದೆ ಎಂದ. ಪಾಟೀಸವಾಲಿನಲ್ಲಿ ಆ ಸಾಲನ್ನು ಅವನಿಗೆ ತೋರಿಸಿ ದಾಖಲೆಗೆ ತಂದಿದ್ದ ಕಿರಿಯ ವಕೀಲರಿಗೆ ನಾನು ಋಣಿ. ಅವರು ಆ ಕೆಲಸ ಮಾಡಿರದಿದ್ದರೆ ಅಪೀಲಿನಲ್ಲಿ ನನ್ನ ಕೈ ಕಟ್ಟಿದಂತಾಗುತ್ತಿತ್ತು.

ಇನ್ನೊಬ್ಬ ಸಾಕ್ಷಿ ಪಕ್ಕದ ಮನೆಯವರು. ಪೊಲೀಸರು ಅವರ ಹೇಳಿಕೆ ಪಡೆದದ್ದು ವಾರ ಕಳೆದ ಮೇಲೆ. ಲೋಕೋಪಯೋಗಿ ಇಲಾಖೆ ಎಂಜಿನಿಯರ್ ಬರೆದ ಸ್ಕೆಚ್ಚಿನಲ್ಲಿ ಅವರು ನಿಂತಿದ್ದ ಕೊಟ್ಟಿಗೆ ಬಾಗಿಲಿಗೂ ಶವ ಬಿದ್ದ ಜಾಗಕ್ಕೂ ನಡುವೆ ಹುಲ್ಲಿನ ಬಣವೆ ಇತ್ತು. ಬೀದಿ ದೀಪದ ಕಂಬ ಎಲ್ಲಿತ್ತೋ ಸ್ಕೆಚ್ಚಿನಲ್ಲೇ ಇಲ್ಲ. ಆ ಹೊತ್ತಿಗೆ ಕರೆಂಟಿತ್ತು ಎಂಬ ಪತ್ರ ಹಾಜರಾಗಿತ್ತು. ಸುಮ್ನೆ ಕರೆಂಟಿದ್ದರೆ ಆಯಿತೇ, ಬೆಳಕು ಅಲ್ಲಿಗೆ ಬೀಳಬೇಕಲ್ಲ.

ಸಾಕ್ಷಿಗಳಲ್ಲಿ ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಎರಡರ ನಡುವಿನವರು ಎಂದು 1957ರ ವಡಿವೇಲು ತೇವರ್ ತೀರ್ಪು ವಿಂಗಡಿಸಿದೆ. ನಡುವಿನವರ ಮಾತಿಗೆ ಬೇರೆ ಆಸರೆ ಬೇಕು. ಈ ಇಬ್ಬರನ್ನೂ ಆ ಸಾಲಿಗೆ ಸೇರಿಸಿ ವಾದಿಸಿದೆ. ಡ್ರೈವರ್ ಮಾತನ್ನೂ ಚೀಟಿಯನ್ನೂ ಕೊನೆಗೆ ಇಟ್ಟೆ. ಸಂಶಯಕ್ಕೆ ಒತ್ತು ಕೊಡುವಷ್ಟಕ್ಕೆ ಮಾತ್ರ ಅವುಗಳನ್ನು ಬಳಸಿದೆ.

ದ್ವಿಸದಸ್ಯ ಪೀಠ ಸಂಶಯದ ಲಾಭ ಕೊಟ್ಟು ಶಿಕ್ಷೆ ರದ್ದು ಮಾಡಿತು. ಅಲಿಬಿ ನಿಜವೋ ಸುಳ್ಳೋ ಎಂಬ ತೀರ್ಮಾನಕ್ಕೆ ಪೀಠ ಹೋಗಲೇ ಇಲ್ಲ. ಕಂಡವರ ಮಾತೇ ನಿಲ್ಲದ ಮೇಲೆ ಅದರ ಅಗತ್ಯವಿಲ್ಲ ಎಂದು ಆದೇಶದಲ್ಲಿ ಬರೆಯಿತು.