ಮಿದುಳಿನ ಆಳಕ್ಕೆ ಒಂದು ಕೊಳವೆಯ ದಾರಿ

ಮಿದುಳಿನ ಆಳದಲ್ಲಿರುವ ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಗಿಂತ ಅಲ್ಲಿಗೆ ಹೋಗುವ ದಾರಿಯೇ ಕಷ್ಟದ್ದು. ಮೇಲ್ಮೈಯಿಂದ ಐದಾರು ಸೆಂಟಿಮೀಟರ್ ಒಳಗೆ ತಲುಪಬೇಕು, ನಡುವೆ ಇರುವುದೆಲ್ಲ ಏನೂ ಆಗದ ಮಿದುಳು. ನಾನು ತರಬೇತಿಯಲ್ಲಿದ್ದಾಗ ಈ ದಾರಿಯನ್ನು ತೆರೆದಿಡಲು ಚಪ್ಪಟೆ ಲೋಹದ ಪಟ್ಟಿಗಳನ್ನೇ ಬಳಸುತ್ತಿದ್ದೆವು. ಬಾಗುವ ತೋಳುಗಳಿಗೆ ಸಿಕ್ಕಿಸಿದ ಎರಡು ಪಟ್ಟಿಗಳು ಗಂಟೆಗಟ್ಟಲೆ ಮಿದುಳನ್ನು ಎರಡೂ ಕಡೆಗೆ ಒತ್ತಿ ಹಿಡಿದಿರುತ್ತಿದ್ದವು. ಒತ್ತಡವೆಲ್ಲ ಪಟ್ಟಿಯ ಅಂಚಿನಡಿ ಬೀಳುತ್ತಿತ್ತು, ಅಲ್ಲಿನ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತಿದ್ದವು. ಪಟ್ಟಿ ತೆಗೆದಾಗ ಅದರ ಅಚ್ಚು ಮಿದುಳಿನ ಮೇಲೆ ಬಿಳಿಚಿಕೊಂಡು ಕಾಣುತ್ತಿತ್ತು. ಕೆಲವರ ಮರುದಿನದ ಸಿಟಿ ಸ್ಕ್ಯಾನಿನಲ್ಲಿ ಅದೇ ಜಾಗ ಕಪ್ಪಾಗಿರುತ್ತಿತ್ತು.

ಮಿದುಳನ್ನು ಸರಿಸಿ ದಾರಿ ತೆರೆದಿಡುವ ಸಾಧನಕ್ಕೆ ರಿಟ್ರ್ಯಾಕ್ಟರ್ ಎನ್ನುತ್ತೇವೆ. ಕೊಳವೆಯಾಕಾರದ ರಿಟ್ರ್ಯಾಕ್ಟರ್ ಅದೇ ಒತ್ತಡವನ್ನು ಸುತ್ತಲೂ ಸಮನಾಗಿ ಹಂಚುತ್ತದೆ. ಕಲ್ಪನೆ ಹೊಸದಲ್ಲ. 1980ರ ದಶಕದಲ್ಲೇ ಅಮೆರಿಕದ ನರಶಸ್ತ್ರಚಿಕಿತ್ಸಕ ಪ್ಯಾಟ್ರಿಕ್ ಕೆಲ್ಲಿ ಲೋಹದ ಸಿಲಿಂಡರ್ ಇಳಿಸಿ, ಅದರೊಳಗಿನಿಂದ ಲೇಸರ್ ಬಳಸಿ ಆಳದ ಗಡ್ಡೆಗಳನ್ನು ತೆಗೆದಿದ್ದರು. ಈಗ ವ್ಯೂಸೈಟ್ ಎಂಬ ಪಾರದರ್ಶಕ, ಅಂಡಾಕಾರದ ಕೊಳವೆ ಇದೆ, 13.5 ಮಿ.ಮೀ. ವ್ಯಾಸದ ಬ್ರೈನ್‌ಪಾತ್ ಇದೆ. ಎರಡೂ ದುಬಾರಿ. ಕೊಳ್ಳಲಾಗದವರಿಗೆ 10 ಮಿ.ಲೀ. ಸಿರಿಂಜಿನ ತುದಿ ಕತ್ತರಿಸಿ, ಅಂಚನ್ನು ನುಣುಪಾಗಿಸಿ ಬಳಸುವುದನ್ನು ನಮ್ಮ ದೇಶದ ಅನೇಕ ಶಸ್ತ್ರಚಿಕಿತ್ಸಕರು ರೂಢಿಸಿಕೊಂಡಿದ್ದಾರೆ. ನಾನೂ ಅವರಲ್ಲಿ ಒಬ್ಬ. ಇದನ್ನು ಕೈಲಾಗದವರ ಉಪಾಯವೆಂದು ಕೆಳಗಿಟ್ಟು ನೋಡುವವರ ಮಾತನ್ನು ನಾನು ಒಪ್ಪುವುದಿಲ್ಲ. ದಾರಿಯನ್ನು ಸರಿಯಾಗಿ ಆರಿಸಿದ್ದರೆ ಸಿರಿಂಜೂ ಸಾಕು, ತಪ್ಪಾಗಿ ಆರಿಸಿದ್ದರೆ ಎಂಥ ಕೊಳವೆಯೂ ರೋಗಿಯನ್ನು ಕಾಯುವುದಿಲ್ಲ.

ಕೊಲಾಯ್ಡ್ ಸಿಸ್ಟ್ ಇದ್ದ ಒಬ್ಬ ಶಿಕ್ಷಕಿಯ ಶಸ್ತ್ರಚಿಕಿತ್ಸೆಯನ್ನು ಹೇಳುತ್ತೇನೆ. ಮಿದುಳಿನ ನಟ್ಟನಡುವಿನ, ದ್ರವ ತುಂಬಿದ ಕೋಣೆಯಾದ ಮೂರನೆಯ ಕುಹರದ ಬಾಯಲ್ಲಿ ಕೂತು, ದ್ರವ ಹರಿಯುವ ದಾರಿಯನ್ನೇ ಮುಚ್ಚುವ ಚೀಲವಿದು. ಕ್ಯಾನ್ಸರ್ ಅಲ್ಲ, ಆದರೆ ದ್ರವ ಪೂರ್ತಿ ಕಟ್ಟಿಕೊಂಡರೆ ಜೀವ ಹಠಾತ್ತನೆ ಹೋಗಬಹುದು. ಅವರಿಗೆ ಬೆಳಗಿನ ತಲೆನೋವು, ವಾಂತಿ ಇತ್ತು, ಮಕ್ಕಳ ಹೆಸರುಗಳು ಮರೆಯತೊಡಗಿದ್ದವು. “ಡಾಕ್ಟರೇ, ಅಷ್ಟು ಆಳಕ್ಕೆ ಕೊಳವೆ ಇಳಿಸಿದರೆ ನಡುವಿನ ಮಿದುಳು ಕತ್ತರಿಸಿ ಹೋಗುವುದಿಲ್ಲವೇ?” ಎಂದು ಅವರ ಪತಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಗದ್ದೆಯಲ್ಲಿ ಪೈರನ್ನು ಕೈಯಿಂದ ಸರಿಸಿಕೊಂಡು ನಡೆಯುವಂತೆ ಕೊಳವೆಯ ಮೊಂಡು ತುದಿ ನರತಂತುಗಳನ್ನು ಬದಿಗೆ ಸರಿಸುತ್ತದೆ, ಆದರೂ ಕೆಲವು ತಂತುಗಳಿಗೆ ಪೆಟ್ಟಾಗುವುದು ಖಂಡಿತ ಎಂದು ಹೇಳಿದೆ.

ಹಿಂದಿನ ಸಂಜೆ ಬಹಳ ಹೊತ್ತು ಎಂಆರ್‌ಐ ಮುಂದೆ ಕುಳಿತೆ. ನರತಂತುಗಳ ನಕ್ಷೆಯಲ್ಲಿ ಕೈಕಾಲುಗಳನ್ನು ಆಡಿಸುವ ತಂತುಗಳು ನೀಲಿಯಾಗಿ ಕೆಳಗಿಳಿಯುವುದು ಕಾಣುತ್ತದೆ. ನಮ್ಮ ದಾರಿ ಅವುಗಳಿಗಿಂತ ಮುಂದಿರಬೇಕು. ಬಲ ಮುಂಭಾಗದ ಎರಡು ಮಡಿಕೆಗಳ ನಡುವಿನ ಸೀಳಿನ ತಳದಿಂದ ಹೊರಟರೆ ದಾಟಬೇಕಾದ ಮಿದುಳು ಅಷ್ಟು ಕಡಿಮೆಯಾಗುತ್ತದೆ. ಆ ಸೀಳಿನೊಳಗೆ ದೊಡ್ಡ ರಕ್ತನಾಳವಿದ್ದರೆ ಪಕ್ಕದ್ದನ್ನು ನೋಡಬೇಕು. ಕೊಳವೆ ಎಷ್ಟು ಉದ್ದವಿರಬೇಕು, ಯಾವ ಕೋನದಲ್ಲಿ ಇಳಿಯಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನವಾಗಬೇಕು. ಇಳಿದ ಮೇಲೆ ಅದನ್ನು ಹೆಚ್ಚು ಓಲಾಡಿಸಿದರೆ ಪಟ್ಟಿಗಳು ಮಾಡುತ್ತಿದ್ದ ಹಾನಿಯನ್ನೇ ಕೊಳವೆಯೂ ಮಾಡುತ್ತದೆ.

ತಲೆಬುರುಡೆಯಲ್ಲಿ ಸುಮಾರು ಮೂರು ಸೆಂಟಿಮೀಟರಿನ ಕಿಂಡಿ ತೆರೆದು, ಡ್ಯೂರಾ ಪೊರೆ ಬಿಡಿಸಿ, ಮೈಕ್ರೋಸ್ಕೋಪಿನಡಿ ಸೀಳನ್ನು ಅಗಲಿಸಿದೆವು. ಕೊಳವೆಯೊಳಗೆ ಕೂರುವ ಮೊಂಡು ತುದಿಯ ಒಳಸರಳಿನ ಮಧ್ಯೆ, ತುದಿ ಎಲ್ಲಿದೆಯೆಂದು ಸ್ಕ್ಯಾನಿನ ಮೇಲೆ ತೋರಿಸುವ ನ್ಯಾವಿಗೇಶನ್ ಕಡ್ಡಿ ಇಟ್ಟು, ಬೆರಳುಗಳಲ್ಲಿ ಅತ್ತಿತ್ತ ತಿರುಗಿಸುತ್ತ ಕೊಳವೆಯನ್ನು ನಿಧಾನವಾಗಿ ಇಳಿಸಿದೆ. ಎಲ್ಲಕ್ಕಿಂತ ಎಚ್ಚರ ಬೇಕಾಗುವುದು ಒಳಸರಳನ್ನು ಹೊರತೆಗೆಯುವಾಗ. ಬೇಗ ಎಳೆದರೆ ಕಟ್ಟಿಕೊಂಡ ದ್ರವ ಒಮ್ಮೆಲೇ ನುಗ್ಗಿ, ಹಿಗ್ಗಿದ ಕುಹರ ಕುಸಿಯುತ್ತದೆ. ತುಸು ತುಸುವೇ ಎತ್ತಿದಂತೆ ತಿಳಿನೀರಿನಂಥ ದ್ರವ ಕೊಳವೆಯೊಳಗೆ ಏರಿತು. ಪಾರದರ್ಶಕ ಗೋಡೆಯಾಚೆ ಬಿಳಿ ಮಿದುಳು ಕಾಣುತ್ತಿತ್ತು, ಎಲ್ಲೂ ರಕ್ತ ಜಿನುಗುತ್ತಿರಲಿಲ್ಲ. ಈ ದ್ರವವನ್ನು ಸ್ರವಿಸುವ, ಕೆಂಪು ಗೊಂಚಲಿನಂಥ ಕೋರಾಯ್ಡ್ ಪ್ಲೆಕ್ಸಸ್ ಜಾಡು ಹಿಡಿದು ಹೋದರೆ ಮೂರನೆಯ ಕುಹರದ ಬಾಯಾದ ಮನ್ರೋ ರಂಧ್ರ. ಅದರಲ್ಲಿ ತುಂಬಿಕೊಂಡು ಕೂತಿತ್ತು ಬೂದುಹಸಿರು ಚೀಲ.

ಚೀಲ ತೂತು ಮಾಡಿ ಗಟ್ಟಿ ಲೋಳೆಯನ್ನು ಹೀರಿ, ಗೋಡೆಯನ್ನು ಬಿಡಿಸಿಕೊಂಡೆ. ಅದನ್ನು ಎಳೆಯುವಂತಿಲ್ಲ. ರಂಧ್ರದ ಅಂಚಿನಲ್ಲೇ ನೆನಪಿಗೆ ಬೇಕಾದ ಫಾರ್ನಿಕ್ಸ್ ಇದೆ, ಪಕ್ಕದಲ್ಲೇ ಮುಖ್ಯ ಅಭಿಧಮನಿಗಳಿವೆ. ಎಂಡೋಸ್ಕೋಪಿನಿಂದಲೂ ಈ ಚೀಲ ತೆಗೆಯಬಹುದು, ದಾರಿ ಇನ್ನೂ ಕಿರಿದು. ಕೊಳವೆಯಲ್ಲಿ ಎರಡೂ ಕೈಗಳಿಗೆ ಕೆಲಸವಿದೆ: ಎಡಗೈಯಲ್ಲಿ ಸಕ್ಷನ್, ಬಲಗೈಯಲ್ಲಿ ರಕ್ತನಾಳವನ್ನು ಸುಟ್ಟು ಮುಚ್ಚುವ ಬೈಪೋಲಾರ್ ಚಿಮಟ. ರಕ್ತ ಬಂದರೆ ನನಗೆ ಈ ಎರಡನೆಯ ಕೈ ಬೇಕು. ಅದಕ್ಕೇ ನಾನು ಕೊಳವೆಯ ಪಕ್ಷ. ಆದರೆ ಗಡ್ಡೆ ಗಟ್ಟಿಯಾಗಿದ್ದು, ರಕ್ತನಾಳಗಳಿಂದ ತುಂಬಿದ್ದು, ಕೊಳವೆಗಿಂತ ಬಹಳ ಅಗಲವಾಗಿದ್ದರೆ ಅಂಥ ಕಡೆ ಕೊಳವೆಯನ್ನು ಮುಟ್ಟುವುದಿಲ್ಲ.

ಆ ಶಿಕ್ಷಕಿ ಈಗ ಶಾಲೆಗೆ ಹೋಗುತ್ತಿದ್ದಾರೆ.

ಮಿದುಳಿನ ರಕ್ತಸ್ರಾವಕ್ಕೂ ಈ ದಾರಿ ತೆರೆದಿದೆ. 2024ರಲ್ಲಿ ಪ್ರಕಟವಾದ ‘ಎನ್‌ರಿಚ್’ ಅಧ್ಯಯನದಲ್ಲಿ 300 ರೋಗಿಗಳಿದ್ದರು. ರಕ್ತಸ್ರಾವವಾದ 24 ಗಂಟೆಗಳೊಳಗೆ ಕೊಳವೆಯ ಮೂಲಕ ಹೆಪ್ಪುರಕ್ತ ತೆಗೆಸಿಕೊಂಡವರು ಆರು ತಿಂಗಳ ಬಳಿಕ ಹೆಚ್ಚು ಚೇತರಿಸಿಕೊಂಡಿದ್ದರು. ಲಾಭವೆಲ್ಲ ಮೇಲ್ಭಾಗದ ರಕ್ತಸ್ರಾವದವರಿಗೇ ಸಿಕ್ಕಿತ್ತು. ಆಳದ ಬೇಸಲ್ ಗ್ಯಾಂಗ್ಲಿಯಾ ಭಾಗದ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಡುವೆಯೇ ನಿಲ್ಲಿಸಲಾಗಿತ್ತು. ಹಾಗಾಗಿ ಆಳದ ರಕ್ತಸ್ರಾವದ ರೋಗಿಯ ಮನೆಯವರಿಗೆ ನಾನು ಭರವಸೆಯ ಮಾತು ಆಡುವುದಿಲ್ಲ. ಮೇಲ್ಭಾಗದ್ದಾದರೆ ಕಾಯುವುದಿಲ್ಲ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ವೈದ್ಯ ಮಿತ್ರರಿಗೆ ನನ್ನ ಕೋರಿಕೆ ಇಷ್ಟೇ: ಸಿಟಿ ಸ್ಕ್ಯಾನ್ ಆದ ಕೂಡಲೇ ಚಿತ್ರವನ್ನು ಹತ್ತಿರದ ನರಶಸ್ತ್ರಚಿಕಿತ್ಸಕರಿಗೆ ಮೊಬೈಲ್‌ನಲ್ಲಿ ಕಳಿಸಿ, ಬೆಳಗಾಗಲಿ ಎಂದು ಕಾಯಬೇಡಿ.