ಮಳೆಗಾಲದ ಅಣಬೆ: ಬೀಜಕದ ಅಚ್ಚು ತೆಗೆದು ನೋಡುವ ಕ್ರಮ

ಮಂಗಳೂರು, ಉಡುಪಿಯ ಅಂಗಳ, ತೋಟ, ಗುಡ್ಡಗಳಲ್ಲಿ ಜೂನ್ ಮಳೆಗೆ ಏಳುವ ಅಣಬೆಗಳನ್ನು ಕೊಡೆಯ ಬಣ್ಣದಿಂದ ಗುರುತಿಸಲು ಹೋಗಬೇಡಿ. ಮಳೆಗೆ ತೊಳೆದು, ಬಿಸಿಲಿಗೆ ಬಾಡಿ ಅದು ಬದಲಾಗುತ್ತಲೇ ಇರುತ್ತದೆ. ಕೊಡೆಯಡಿಯಿಂದ ಹುಡಿಯಂತೆ ಉದುರುವ ಬೀಜಕಗಳ ಬಣ್ಣ ಹೆಚ್ಚು ನಂಬಿಕೆಗೆ ಅರ್ಹ. ಅವು ಉದುರಿ ಮೂಡುವ ಗುರುತೇ ಅಚ್ಚು.

ಕೊಡೆ ಪೂರ್ತಿ ಬಿಚ್ಚಿದ, ಕೊಳೆಯದ ಒಂದನ್ನು ಆರಿಸಿ ಬುಡಸಮೇತ ಚಾಕುವಿನಿಂದ ಎಬ್ಬಿಸಿ. ಎಳೆದು ಕಿತ್ತರೆ ಬುಡದ ಚೀಲ ಮಣ್ಣಲ್ಲೇ ಉಳಿಯುತ್ತದೆ. ಅಮಾನಿಟಾ ಕುಲದ ಮಾರಕ ಅಣಬೆಗಳ ಮುಖ್ಯ ಗುರುತೇ ಅದು. ಬೈಹುಲ್ಲಿನಲ್ಲಿ ಏಳುವ ಹುಲ್ಲಣಬೆಗೂ ಚೀಲ ಉಂಟು, ಆದರೆ ಅದರ ಅಚ್ಚು ಕೆಂಗಂದು, ಅಮಾನಿಟಾದ್ದು ಬಿಳಿ.

ಕಾಂಡವನ್ನು ಕೊಡೆಯ ಮಟ್ಟಕ್ಕೆ ಕತ್ತರಿಸಿ, ಕಿವಿರು (ಕೊಡೆಯಡಿಯ ತೆಳು ಪದರಗಳು) ಕೆಳಗಾಗುವಂತೆ ಗಾಜಿನ ತುಂಡಿನ ಮೇಲಿಟ್ಟು, ಲೋಟ ಮುಚ್ಚಿ 6ರಿಂದ 12 ಗಂಟೆ ಬಿಡಿ. ಆಮೇಲೆ ಗಾಜಿನಡಿ ಒಮ್ಮೆ ಕಪ್ಪು, ಒಮ್ಮೆ ಬಿಳಿ ಕಾಗದ ಸರಿಸಿ ನೋಡಿ. ಬಿಳಿ ಅಚ್ಚು ಬಿಳಿ ಕಾಗದದಲ್ಲಿ ಕಾಣುವುದೇ ಇಲ್ಲ. ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ತೇವಕ್ಕೆ ಕಾಗದ ನೇರವಾಗಿ ಬಳಸಿದರೆ ಬಣ್ಣ ಕಲಸಿಹೋಗುತ್ತದೆ. ನೆಂದ ಕೊಡೆಯನ್ನು ಮೊದಲು ಫ್ಯಾನಿನಡಿ ಆರಿಸಿ. ಒಣಗಿದ್ದರೆ ಮೇಲೆ ಒಂದು ಹನಿ ನೀರು ಹಾಕಿ.

ಹುಲ್ಲುಹಾಸಿನ ದೊಡ್ಡ ಬಿಳಿ ಅಣಬೆಯ ಅಚ್ಚು ಮಾಸಲು ಹಸಿರಾಗಿದ್ದರೆ ಅದು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್: ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ. ಹುತ್ತದ ಅಣಬೆಯದ್ದು ನಸುಗೆಂಪು. ಅದರ ಬುಡ ಬೇರಿನಂತೆ ಇಳಿದು ಗೆದ್ದಲು ಸಾಕುವ ಶಿಲೀಂಧ್ರದ ತೋಟವನ್ನು ಮುಟ್ಟುತ್ತದೆ. ಗುರುತಿಗೆ ಒಂದು ಎಬ್ಬಿಸಿದ್ದು ಸಾಕು, ಉಳಿದವನ್ನು ನೆಲಮಟ್ಟಕ್ಕೆ ಕತ್ತರಿಸಿ. ಹುತ್ತ ಅಗೆದರೆ ಆ ತೋಟವೇ ಹಾಳು.

ಮೊದಲ ಗುಡುಗು ಮಳೆಗೆ ಏಳುವ ಗುಂಡನೆಯ ಕಲ್ಲಣಬೆಗೆ ಕಿವಿರಿಲ್ಲ, ಅಚ್ಚು ಸಿಗದು. ಹಾಗಾಗಿ ಒಂದೊಂದನ್ನೂ ಮೇಲಿಂದ ಕೆಳಕ್ಕೆ ಸೀಳಿ. ಒಳಗೆ ಒಂದೇ ಸಮನೆ ಗಟ್ಟಿ ಬಿಳುಪಿದ್ದರೆ ಎಳೆಯದು. ಕಪ್ಪಾಗಿದ್ದರೆ ಬಲಿತದ್ದಿರಬಹುದು, ಅದನ್ನೇ ಹೋಲುವ ವಿಷದ ಅಣಬೆ ಸ್ಕ್ಲೆರೋಡರ್ಮವೂ ಇರಬಹುದು, ಬಿಟ್ಟುಬಿಡಿ. ಕೊಡೆ, ಕಾಂಡದ ಆಕಾರ ಮೂಡಿದ್ದರೆ ಅಮಾನಿಟಾದ ಮೊಗ್ಗೆಂದೇ ತಿಳಿದು ಎಸೆಯಿರಿ. ಕಲ್ಲಣಬೆ ಬೋಗಿಯಂಥ ಮರಗಳ ಬೇರಿಗೆ ಹೆಣೆದುಕೊಂಡು ರಂಜಕ, ನೀರು ಒದಗಿಸಿ ಸಕ್ಕರೆ ಪಡೆಯುತ್ತದೆ. ಆ ಮರ ಕಡಿದ ಗುಡ್ಡದಲ್ಲಿ ಅದನ್ನು ಹುಡುಕಿ ಫಲವಿಲ್ಲ.

ಅಚ್ಚು ಕುಲದ ಸುಳಿವು ಕೊಡುತ್ತದೆ, ತಿನ್ನಬಹುದೆಂದು ಹೇಳುವುದಿಲ್ಲ: ತಿನ್ನುವ ಚಿಪ್ಪಣಬೆಯ ಅಚ್ಚೂ ಅಮಾನಿಟಾದಂತೆ ಬಿಳಿಯೇ. ಅಮಾನಿಟಾದ ವಿಷ ಬೇಯಿಸಿದರೂ ಹೋಗದು, ಲಕ್ಷಣ ಕಾಣಲು 6ರಿಂದ 24 ಗಂಟೆ ಬೇಕು, ನಡುವೆ ಗುಣವಾದಂತೆ ಕಂಡು ಲಿವರ್ ಕೆಡುತ್ತದೆ. ಸಂಶಯ ಬಂದ ಕೂಡಲೇ, ಉಳಿದ ಅಣಬೆಯನ್ನು ಪ್ಲಾಸ್ಟಿಕ್ ಬದಲು ಕಾಗದದಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ.